ಬೆಲ್ಲ ತಿಂದಿಲ್ಲ ಅಂದರೆ ನಂಬಿ

ಕೋಲಾರದ ನನ್ನ ಕ್ಲಿನಿಕ್‌ನಲ್ಲಿ ಈ ಜಗಳ ಮತ್ತೆ ಮತ್ತೆ ನಡೆಯುತ್ತದೆ. ಗಂಡನ ಶುಗರ್ ಏರಿರುತ್ತದೆ. "ಕದ್ದು ಏನೋ ತಿಂದಿದ್ದಾರೆ ಡಾಕ್ಟ್ರೇ" ಅಂತ ಹೆಂಡತಿ. "ದೇವರಾಣೆ ಇಲ್ಲ ಸಾರ್" ಅಂತ ಗಂಡ. ಆಮೇಲೆ ಇಬ್ಬರೂ ನನ್ನ ಮುಖ ನೋಡುತ್ತಾರೆ, ನಾನು ಪಂಚಾಯ್ತಿ ಮಾಡಬೇಕು ಅನ್ನುವ ಹಾಗೆ.

ಹೋದ ತಿಂಗಳು ಬಂದವರು ಶ್ರೀನಿವಾಸಪುರ ಕಡೆಯ ಟೊಮೆಟೊ ಬೆಳೆಗಾರರು. ಖಾಲಿ ಹೊಟ್ಟೆಯ ಶುಗರ್ 130ರ ಆಸುಪಾಸು ಇರುತ್ತಿತ್ತು. ಒಂದು ಬೆಳಗ್ಗೆ ಮೀಟರ್ 196 ತೋರಿಸಿದೆ. ಮನೆಯಾಕೆ ಬೆಲ್ಲದ ಡಬ್ಬಿಯನ್ನು ಅಟ್ಟಕ್ಕೆ ಸೇರಿಸಿ, ರಾತ್ರಿಯ ಮುದ್ದೆಯನ್ನೂ ಅರ್ಧ ಮಾಡಿಬಿಟ್ಟಿದ್ದರು. ಪಾಪ, ಆ ಮನುಷ್ಯನಿಗೆ ಹಸಿವಿಗಿಂತ ಅವಮಾನ ಜಾಸ್ತಿಯಾಗಿತ್ತು.

"ಚುಚ್ಚಿ ನೋಡೋಕೆ ಮುಂಚೆ ಏನಾಯ್ತು?" ಅಂತ ಕೇಳಿದೆ.

"ಮಂಡಿಯಿಂದ ಫೋನ್ ಬಂತು ಸಾರ್. 15 ಕೆ.ಜಿ. ಬಾಕ್ಸಿಗೆ ಕೀಳೋ ಕೂಲಿನೂ ಗಿಟ್ಟಲ್ಲ ಅಂದ್ರು."

ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ಸಕ್ಕರೆ ಬಾಯಿಂದ ಮಾತ್ರ ಬರುವುದಿಲ್ಲ. ನಮ್ಮ ಲಿವರ್‌ನಲ್ಲೇ ಒಂದು ದಾಸ್ತಾನು ಇದೆ. ಅದರ ಬಾಗಿಲು ತೆಗೆಸುವ ಶಕ್ತಿ ಭಯಕ್ಕಿದೆ.

ಮೆದುಳಿನಲ್ಲಿ ಕಿವಿಯ ನೇರಕ್ಕೆ ಒಳಗೆ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಆಕಾರದ ಭಾಗಗಳಿವೆ. ಅಮಿಗ್ಡಲಾ ಅನ್ನುತ್ತೇವೆ. ಫೋನಿನ ಸುದ್ದಿ ಅಪಾಯದ್ದು ಅಂತ ಗುರುತು ಹಾಕುವುದರಲ್ಲಿ ಅದರ ಕೈ ದೊಡ್ಡದು. ಅಲ್ಲಿಂದ ಸುದ್ದಿ ಮೆದುಳಿನ ತಳದಲ್ಲಿರುವ ಹೈಪೊಥಾಲಮಸ್ ಅನ್ನುವ ಭಾಗಕ್ಕೆ ಮುಟ್ಟುತ್ತದೆ. ಮುಂದೆ ಎರಡು ದಾರಿ. ಒಂದು ನರದ ದಾರಿ. ಬೆನ್ನುಹುರಿ ಹಿಡಿದು ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೋಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಸುರಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಲಿವರ್ ಸಕ್ಕರೆ ಬಿಡುತ್ತದೆ, ಸಕ್ಕರೆ ಇಳಿಸುವ ಇನ್ಸುಲಿನ್‌ಗೂ ತಡೆ ಬೀಳುತ್ತದೆ.

ಇನ್ನೊಂದು ರಕ್ತದ ದಾರಿ, ನಿಧಾನದ್ದು. ಹೈಪೊಥಾಲಮಸ್‌ನ ಕೆಲವು ಕೋಶಗಳು ಸಿಆರ್‌ಎಚ್ ಅನ್ನುವ ಹಾರ್ಮೋನನ್ನು ಬಿಡುತ್ತವೆ. 1981ರಲ್ಲಿ ಅಮೆರಿಕದ ವಿಜ್ಞಾನಿ ವೈಲಿ ವೇಲ್ ಮತ್ತು ಜೊತೆಗಾರರು ಅದರ ರಚನೆ ಪತ್ತೆ ಮಾಡಿದರು. ಈ ಸಿಆರ್‌ಎಚ್ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿಯ ಎಸಿಟಿಎಚ್ ಹಾರ್ಮೋನು ಮತ್ತೆ ಅಡ್ರಿನಲ್‌ಗೇ ಬಂದು ಕಾರ್ಟಿಸಾಲ್ ಬಿಡಿಸುತ್ತದೆ, ಅದೂ ಸಕ್ಕರೆ ಏರಿಸುವ ಹಾರ್ಮೋನೇ. ಇದು ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು. ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಅಮಿಗ್ಡಲಾ ಈ ಸಿಆರ್‌ಎಚ್ ಕೋಶಗಳನ್ನು ಹೆಚ್ಚಾಗಿ ನೇರವಾಗಿ ತಳ್ಳುವುದಿಲ್ಲ. ಅವುಗಳ ಮೇಲೆ ಯಾವಾಗಲೂ ಒತ್ತಿಕೊಂಡಿರುವ ಬ್ರೇಕನ್ನು, ನಡುವಿನ ನರಕೋಶಗಳ ಮೂಲಕ ಸಡಿಲ ಮಾಡುತ್ತದೆ. ಇಳಿಜಾರಿನಲ್ಲಿ ನಿಂತ ಟ್ರ್ಯಾಕ್ಟರಿನ ಬ್ರೇಕ್ ಬಿಟ್ಟ ಹಾಗೆ.

ಶುಗರ್ ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಬೇಗ ಸರಿಮಾಡುತ್ತದೆ. ಇರುವವರಲ್ಲಿ ಆ ಏರಿಕೆ ಉಳಿದುಕೊಳ್ಳಬಹುದು. ಎಲ್ಲರಿಗೂ ಒಂದೇ ಥರ ಏರುವುದಿಲ್ಲ, ಅದನ್ನೂ ಹೇಳಬೇಕು. ಜ್ವರ, ಸೋಂಕು, ಮಂಡಿನೋವಿಗೆ ಹಾಕಿಸಿಕೊಂಡ ಸ್ಟಿರಾಯ್ಡ್ ಇಂಜೆಕ್ಷನ್ನಿನಿಂದಲೂ ಏರಬಹುದು. ಹಾಗಾಗಿ "ಟೆನ್ಷನ್ ಅಷ್ಟೇ" ಅಂತ ಸುಮ್ನೆ ಕೂರಬೇಡಿ. ಒಂದು ರೀಡಿಂಗ್ ನೋಡಿ ಮಾತ್ರೆಯನ್ನು ನೀವೇ ಏರಿಸಲೂಬೇಡಿ. ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ ಮಾಡಿಸಿ, ಅದು ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ.

ಇವರದು 6.9 ಬಂತು, ಅಂದರೆ ಹತೋಟಿಯಲ್ಲೇ ಇದೆ. ಮಾತ್ರೆ ಬದಲಿಸಲಿಲ್ಲ. ಶುಗರ್ ಬರೆಯುವ ಪುಸ್ತಕದಲ್ಲಿ ಪಕ್ಕಕ್ಕೆ ಆ ಹೊತ್ತು ಏನಾಗಿತ್ತು ಅಂತಲೂ ಬರೆಯಿರಿ ಅಂದೆ. ಮೊನ್ನೆ ತಂದು ತೋರಿಸಿದರು. 188ರ ಪಕ್ಕದಲ್ಲಿ ಮನೆಯಾಕೆಯ ಅಕ್ಷರದಲ್ಲಿ "ಬೋರ್‌ವೆಲ್ ಮೋಟಾರ್ ಸುಟ್ಟಿತು" ಅಂತ ಇತ್ತು. ಬೆಲ್ಲದ ಡಬ್ಬಿ ಅಟ್ಟದಿಂದ ಇಳಿದಿದೆಯಂತೆ.