ಮಂಜುಗಡ್ಡೆಯ ಕಡಲಲ್ಲಿ ಮೀನು ಚಳಿಗಾಲ ಕಳೆಯೋದು ಹೇಗೆ: ನಮ್ಮ ಓದಿನ ಗುಂಪಿಗೆ ಟಿಪ್ಪಣಿ

ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ನಮ್ಮ ಗುಂಪಿನಲ್ಲಿ ಈ ಪಾಠ ಬಂದಾಗಲೆಲ್ಲ ಒಂದೇ ಸಾಲಿನ ಉತ್ತರ ಕೇಳಿಬರುತ್ತದೆ: "ರಕ್ತದಲ್ಲಿ ಆಂಟಿಫ್ರೀಜ್ ಪ್ರೋಟೀನ್ ಇರುತ್ತದೆ, ಅದಕ್ಕೇ ಹೆಪ್ಪುಗಟ್ಟಲ್ಲ." ಉತ್ತರ ಸರಿ. ಆದರೆ ಅಷ್ಟಕ್ಕೇ ನಿಂತರೆ ಪಾಠದ ಸೊಗಸೆಲ್ಲ ಕೈತಪ್ಪಿ ಹೋಗುತ್ತದೆ. ಆ ನೀರಲ್ಲಿ ಮೀನಿಗೆ ಚಳಿಗಿಂತ ದೊಡ್ಡ ಅಪಾಯ ಇರೋದು ಮಂಜಿನ ಹರಳಿನಿಂದ. ಇದನ್ನು ಹಿಡಿದುಕೊಂಡು ಓದಿ, ಉಳಿದದ್ದು ಸಲೀಸಾಗುತ್ತದೆ.

ಮೊದಲು ಲೆಕ್ಕ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಹಾಗಾಗಿ ಅದು ಹೆಪ್ಪುಗಟ್ಟೋದು ಮೈನಸ್ 1.9 ಡಿಗ್ರಿಯಲ್ಲಿ. ಮೂಳೆ ಮೀನಿನ ರಕ್ತದಲ್ಲಿ ಉಪ್ಪು ಅದರ ಮೂರನೇ ಒಂದು ಪಾಲಿನಷ್ಟು ಮಾತ್ರ. ಅದು ಮೈನಸ್ 0.7ರ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಅಂದರೆ ಸುತ್ತ ನೀರು ನೀರಾಗೇ ಇರುವಾಗ ಒಳಗಿನ ರಕ್ತ ಗಟ್ಟಿಯಾಗಬೇಕು! ಮೀನಿಗೆ ಬಿಸಿರಕ್ತವೂ ಇಲ್ಲ, ಕಿವಿರಿನಲ್ಲಿ ರಕ್ತಕ್ಕೂ ತಣ್ಣೀರಿಗೂ ನಡುವೆ ಇರೋದು ತೆಳು ಪೊರೆ, ಮೈಯ ಶಾಖ ಉಳಿಸಿಕೊಳ್ಳೋ ದಾರಿಯೇ ಇಲ್ಲ.

ಈ 0.7 ಅನ್ನೋ ಅಂಕಿಯನ್ನು ನಮ್ಮ ಮೀನು ಮಾರ್ಕೆಟ್ಟಿನಲ್ಲೇ ನೋಡಬಹುದು. ಕರಾವಳಿಯಿಂದ ಘಾಟಿ ಹತ್ತಿ ಬರುವ ಬಂಗುಡೆ ರಾತ್ರಿಯೆಲ್ಲ ಪುಡಿ ಐಸಿನ ನಡುವೆ ಇದ್ದರೂ ಬೆಳಿಗ್ಗೆ ಬೆರಳಿನಿಂದ ಒತ್ತಿದರೆ ಮಾಂಸ ಮೆತ್ತಗೇ ಇರುತ್ತದೆ. ಕರಗುತ್ತಿರುವ ಐಸ್ ಸೊನ್ನೆ ಡಿಗ್ರಿ, ಮೀನು ಗಟ್ಟಿಯಾಗಲು ಸೊನ್ನೆಗಿಂತ ಕೆಳಗೆ ಇಳಿಯಬೇಕು. ಕಾಶ್ಮೀರದ ಸರೋವರ ಮೇಲೆಲ್ಲ ಹೆಪ್ಪುಗಟ್ಟಿದರೂ ಕೆಳಗಿನ ಮೀನು ಬದುಕಿರೋದಕ್ಕೂ ಇದೇ ಕಾರಣ. ಸಿಹಿನೀರು ಸೊನ್ನೆಗಿಂತ ಕೆಳಗೆ ಹೋಗುವ ಹೊತ್ತಿಗೆ ಅದು ನೀರಾಗಿ ಉಳಿದಿರಲ್ಲ, ಮೇಲಾಗಿ ತಳದಲ್ಲಿ 4 ಡಿಗ್ರಿಯ ಭಾರದ ನೀರು ಇರುತ್ತದೆ. ಉಪ್ಪುನೀರಿಗೆ ಆ 4 ಡಿಗ್ರಿಯ ನಿಯಮ ಇಲ್ಲ. ತಣ್ಣಗಾದಷ್ಟೂ ಭಾರವಾಗುತ್ತ ಕೆಳಗಿಳಿಯುತ್ತದೆ, ಆಳವಿಲ್ಲದ ಕರಾವಳಿಯಲ್ಲಿ ಮೇಲಿಂದ ತಳದವರೆಗೂ ಸೊನ್ನೆಗಿಂತ ಕೆಳಗೆ ಹೋಗಿಬಿಡಬಹುದು. ಪರೀಕ್ಷೆಯಲ್ಲಿ ಎರಡನ್ನೂ ಬೆರೆಸಿ ಬರೆಯುವವರು ಜಾಸ್ತಿ, ದಯವಿಟ್ಟು ಇಲ್ಲಿ ಹುಷಾರಾಗಿರಿ.

ಇಷ್ಟು ಗೊತ್ತಿದ್ದ ಮೇಲೆ ಶರೀರಕ್ರಿಯಾ ವಿಜ್ಞಾನಿ ಶೋಲಾಂಡರ್ ಅವರ ಕೆಲಸ ಓದಲೇಬೇಕು. 1950ರ ದಶಕದಲ್ಲಿ ಅವರೂ ಜೊತೆಗಾರರೂ ಕೆನಡಾದ ಲ್ಯಾಬ್ರಡಾರ್ ತೀರದ ಹೆಬ್ರಾನ್ ಎಂಬ ಕಡಲಕೊಲ್ಲಿಗೆ ಹೋದರು. ತಳದ ನೀರು ಮೈನಸ್ 1.7 ಡಿಗ್ರಿ. ಅಲ್ಲಿನ ಮೀನಿನ ರಕ್ತವೋ, ಅಳತೆಯ ಪ್ರಕಾರ ಮೈನಸ್ 1ರ ಹತ್ತಿರವೇ ಗಟ್ಟಿಯಾಗಬೇಕಿತ್ತು. ಆದರೂ ಮೀನು ಆರಾಮಾಗಿ ಓಡಾಡಿಕೊಂಡಿತ್ತು. ಅದೇ ಮೀನನ್ನು ಅಷ್ಟೇ ತಣ್ಣನೆಯ ನೀರಲ್ಲಿಟ್ಟು ಮಂಜಿನ ಚೂರು ತಾಗಿಸಿದರೆ ಮುಗೀತು, ಮೈಯೊಳಗೆ ಮಂಜು ಹಬ್ಬಿ ಸತ್ತೇಹೋಗುತ್ತಿತ್ತು. ಉಷ್ಣಾಂಶ ಬದಲಾಗಲಿಲ್ಲ, ಹರಳು ಮಾತ್ರ ಹೊಸದಾಗಿ ಬಂತು. ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ ಇಳಿದ ದ್ರವಕ್ಕೆ ಮೊದಲ ಹರಳು ಸಿಗದಿದ್ದರೆ ಅದು ದ್ರವವಾಗೇ ಉಳಿಯಬಲ್ಲದು. ಆಳದಲ್ಲಿ ಮಂಜಿನ ಹರಳು ಇರಲ್ಲ, ಆದ್ದರಿಂದ ಅಲ್ಲಿನ ಮೀನು ಬಚಾವ್. ಜೀವನಪೂರ್ತಿ ಹಾಗೇ, ಒಂದು ಹರಳು ತಾಗದಿರಲಿ ಅನ್ನೋ ಸ್ಥಿತಿಯಲ್ಲಿ ಬದುಕುತ್ತವೆ.

ಮೇಲಿನ ನೀರಿನ ಮೀನಿಗೆ ಆ ಅನುಕೂಲ ಇಲ್ಲ. ಅದು ನೀರು ಕುಡಿಯುವಾಗ ಹರಳೂ ಹೊಟ್ಟೆಗೆ ಹೋಗುತ್ತದೆ, ಕಿವಿರಿಗೂ ತಾಗುತ್ತದೆ. ಅದೇ ಕೊಲ್ಲಿಯ ಮೇಲ್ಮಟ್ಟದ ಮೀನುಗಳ ರಕ್ತ ಚಳಿಗಾಲದಲ್ಲಿ ಮಾತ್ರ ಹೆಚ್ಚು ಕೆಳಗಿನ ಉಷ್ಣಾಂಶದವರೆಗೆ ತಡೆದುಕೊಳ್ಳುತ್ತಿತ್ತು. ಕಾರಣ ಏನು ಅನ್ನೋದು ಬಿಡಿಸಿದ್ದು 1960ರ ದಶಕದಲ್ಲಿ, ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಕೊಲ್ಲಿಯಲ್ಲಿ ಆರ್ಥರ್ ಡಿವ್ರೀಸ್. ಅಲ್ಲಿನ ಮೀನಿನ ರಕ್ತದಲ್ಲಿ ಸಕ್ಕರೆ ಅಂಟಿಕೊಂಡ ಒಂದು ಪ್ರೋಟೀನ್ ಸಿಕ್ಕಿತು. ಮೂರೇ ಅಮೈನೊ ಆಮ್ಲಗಳ ಸಾಲು, ಅಲನಿನ್-ಅಲನಿನ್-ಥ್ರಿಯೊನಿನ್, ಮತ್ತೆ ಮತ್ತೆ ಬರುತ್ತದೆ.

ಇಲ್ಲೇ ನಿಧಾನ ಮಾಡಿ. ಉಪ್ಪು ನೀರನ್ನು ಹೆಪ್ಪುಗಟ್ಟದಂತೆ ತಡೆಯೋದು ಕಣಗಳ ಸಂಖ್ಯೆಯಿಂದ, ಒಂದು ಕಿಲೋ ನೀರಿಗೆ ಒಂದು ಮೋಲ್ (ಕಣಗಳನ್ನು ಎಣಿಸುವ ಅಳತೆ) ಕಣ ಸೇರಿದರೆ 1.86 ಡಿಗ್ರಿ ಇಳಿಯುತ್ತದೆ. ಪ್ರೋಟೀನಿಗೂ ಇದೇ ಲೆಕ್ಕ ಹಾಕಿ ನೋಡೋಣ. ವಿಂಟರ್ ಫ್ಲೌಂಡರ್ ಅಂತ ಒಂದು ಚಪ್ಪಟೆ ಮೀನಿದೆ, ನಮ್ಮ ನಂಗಿನ ಹಾಗೆ ತಳಕ್ಕೆ ಅಂಟಿಕೊಂಡು ಬದುಕುವಂಥದ್ದು. ಅದರ ಪ್ರೋಟೀನಿನ ಅಣುತೂಕ ಸುಮಾರು 3,300. ಲೀಟರಿಗೆ 10 ಗ್ರಾಂ ಇದೆ ಅಂದುಕೊಳ್ಳಿ, ಅದು 0.003 ಮೋಲ್, ಇಳಿಯಬೇಕಾದದ್ದು 0.006 ಡಿಗ್ರಿಯಷ್ಟೂ ಇಲ್ಲ. ನಿಜಕ್ಕೂ ಇಳಿಯೋದು ಅರ್ಧ ಡಿಗ್ರಿಗಿಂತ ಜಾಸ್ತಿ! ನೂರು ಪಟ್ಟು ವ್ಯತ್ಯಾಸ ಬಂದರೆ ಅಲ್ಲಿ ಬೇರೇನೋ ನಡೀತಿದೆ ಅಂತ ಅರ್ಥ ಅಲ್ವಾ?

ನಡೆಯೋದು ಇಷ್ಟು. ಪ್ರೋಟೀನ್ ಹೋಗಿ ಹರಳಿನ ಮೈಗೇ ಕೂತುಬಿಡುತ್ತದೆ. ಹರಳು ಬೆಳೆಯಬೇಕಾದರೆ ಕೂತ ಎರಡು ಅಣುಗಳ ನಡುವಿನ ಸಂದಿನಲ್ಲಿ ಉಬ್ಬಿಕೊಂಡು ಬರಬೇಕು. ಹೀಗೆ ಬಾಗಿದ ಮೈಗೆ ನೀರಿನ ಅಣು ಸೇರೋದು ಕಷ್ಟ, ಇನ್ನೂ ತಣ್ಣಗಾಗದೆ ಅದು ಸಾಧ್ಯವಿಲ್ಲ. ಹರಳು ಇದ್ದಲ್ಲೇ ಚಿಕ್ಕದಾಗಿ ನಿಲ್ಲುತ್ತದೆ. ಈ ವಿವರಣೆಯನ್ನು ರೇಮಂಡ್ ಮತ್ತು ಡಿವ್ರೀಸ್ 1977ರಲ್ಲಿ ಕೊಟ್ಟರು. ಇದರ ಗುರುತು ಏನೆಂದರೆ, ಹೆಪ್ಪುಗಟ್ಟುವ ಉಷ್ಣಾಂಶ ಕೆಳಗೆ ಹೋಗುತ್ತದೆ, ಕರಗುವ ಉಷ್ಣಾಂಶ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಉಪ್ಪಿನಲ್ಲಿ ಎರಡೂ ಒಟ್ಟಿಗೇ ಇಳಿಯುತ್ತವೆ. ಇವೆರಡರ ನಡುವಿನ ಅಂತರಕ್ಕೇ ಥರ್ಮಲ್ ಹಿಸ್ಟರೆಸಿಸ್ ಅನ್ನೋದು.

ಈ ಫ್ಲೌಂಡರ್ ಮೀನಿನ ಬಗ್ಗೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾರ್ತ್ ಫ್ಲೆಚರ್, ಚಾಯ್ ಹ್ಯೂ ಮತ್ತಿತರರು ಮಾಡಿದ ಕೆಲಸ ನನಗಂತೂ ತುಂಬ ಇಷ್ಟ. ನವೆಂಬರ್ ಹೊತ್ತಿಗೆ ರಕ್ತದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ, ಮೇ ಹೊತ್ತಿಗೆ ಹೋಗಿರುತ್ತದೆ. ನೀರು ತಣ್ಣಗಾದ ಮೇಲೆ ತಯಾರಿ ಶುರು ಮಾಡಿದರೆ ಹೊತ್ತು ಮೀರಿರುತ್ತದೆ, ಅದಕ್ಕೇ ಮೀನು ನೋಡೋದು ಹಗಲಿನ ಉದ್ದವನ್ನು. ಹಗಲು ದೀರ್ಘವಾಗಿರುವಾಗ ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ ಹಾರ್ಮೋನು ಯಕೃತ್ತಿನಲ್ಲಿರುವ ಈ ಜೀನನ್ನು ತಡೆದಿಟ್ಟಿರುತ್ತದೆ. ಹಗಲು ಕುಗ್ಗಿದಾಗ ತಡೆ ಸಡಿಲವಾಗುತ್ತದೆ. ಪಿಟ್ಯುಟರಿ ತೆಗೆದುಹಾಕಿದ ಮೀನು ಬೇಸಿಗೆಯಲ್ಲೂ ಪ್ರೋಟೀನ್ ಮಾಡಿಕೊಂಡಿತು, ಇದಕ್ಕಿಂತ ಸಾಕ್ಷಿ ಬೇಕಾ?

ಎಲ್ಲ ಮೀನೂ ಇದೇ ದಾರಿ ಹಿಡಿಯಲ್ಲ. ರೇನ್‌ಬೋ ಸ್ಮೆಲ್ಟ್ ಎಂಬ ಮೀನು ಪ್ರೋಟೀನ್ ಜೊತೆಗೆ, ಉಪ್ಪಿನ ಹಾಗೆ ಕಣಗಳ ಲೆಕ್ಕದಲ್ಲಿ ಕೆಲಸ ಮಾಡುವ ಗ್ಲಿಸರಾಲನ್ನೂ ರಕ್ತಕ್ಕೆ ತುಂಬಿಸಿಕೊಳ್ಳುತ್ತದೆ. ಅದು ಕಿವಿರಿನಿಂದ ಸೋರಿಹೋಗುತ್ತಲೇ ಇರುತ್ತದೆ, ಹಾಗಾಗಿ ಚಳಿಗಾಲದಲ್ಲೂ ತಿನ್ನುತ್ತ ಮತ್ತೆ ಮತ್ತೆ ತಯಾರಿಸಬೇಕು. ಕನ್ನರ್ ಎಂಬ ಮೀನು ಕಲ್ಲುಗಳ ಸಂದಿ ಸೇರಿ ತಿಂಗಳುಗಟ್ಟಲೆ ಉಪವಾಸ ಬಿದ್ದಿರುತ್ತದೆ. ಶಾರ್ಕುಗಳ ರಕ್ತದಲ್ಲಿ ಯೂರಿಯಾ ತುಂಬಿ ಕಣಗಳ ಸಂಖ್ಯೆ ಸಮುದ್ರದ ನೀರಿನಷ್ಟೇ ಇರುವುದರಿಂದ ಈ ತೊಂದರೆಯೇ ಬರಲ್ಲ. ನೀರು ಗಟ್ಟಿಯಾಗುವ ತನಕ ಅವೂ ಗಟ್ಟಿಯಾಗಲ್ಲ.

ಇನ್ನು ಜೀವಕೋಶದ ಪೊರೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಡಿಸೆಂಬರಿನಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂರುತ್ತದೆ, ಪಕ್ಕದ ಸೂರ್ಯಕಾಂತಿ ಎಣ್ಣೆ ಹಾಗೇ ಇರುತ್ತದೆ. ಒಂದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ, ಇನ್ನೊಂದರಲ್ಲಿ ಅನ್‌ಸ್ಯಾಚುರೇಟೆಡ್. ತಣ್ಣೀರಿನ ಮೀನು ತನ್ನ ಪೊರೆಯಲ್ಲಿ ಎರಡನೇ ಬಗೆಯನ್ನು ಹೆಚ್ಚಿಸಿಕೊಳ್ಳುತ್ತದೆ, ಪೊರೆ ಬಿರುಸಾಗಲ್ಲ.

ಕೊನೆಗೆ ಒಂದು ಸೂಕ್ಷ್ಮ. ಪ್ರೋಟೀನ್ ಹರಳನ್ನು ಓಡಿಸಲ್ಲ, ಬೆಳೆಯದಂತೆ ಹಿಡಿದಿಡುತ್ತದೆ ಅಷ್ಟೇ. ಅಂಟಾರ್ಕ್ಟಿಕಾದ ಮೀನುಗಳ ಗುಲ್ಮದಲ್ಲಿ (ಸ್ಪ್ಲೀನ್) ಇಂಥ ಹರಳುಗಳು ನಿಜಕ್ಕೂ ಸಿಗುತ್ತವೆ. ಬೇಸಿಗೆಯಲ್ಲಿ ನೀರು ಸ್ವಲ್ಪ ಬೆಚ್ಚಗಾದಾಗ ಅವು ಕರಗಿಹೋಗುತ್ತವೆ ಅಂತ ಎಣಿಸಿದ್ದರು. 2014ರಲ್ಲಿ ಸಿಕೊ, ಡಿವ್ರೀಸ್, ಚೆಂಗ್ ಮತ್ತಿತರರು ತೋರಿಸಿದ್ದು ಬೇರೆಯೇ: ಬೆಳೆಯದಂತೆ ತಡೆದ ಅದೇ ಪ್ರೋಟೀನ್ ಕರಗದಂತೆಯೂ ತಡೆಯುತ್ತದೆ, ಕರಗುವ ಉಷ್ಣಾಂಶ ದಾಟಿದ ಮೇಲೂ ಹರಳು ಮೀನಿನೊಳಗೇ ಉಳಿದಿರುತ್ತದೆ.