ಜಾತ್ರೆಯ ತೊಟ್ಟಿಲಿಗೆ ಪಿನ್ನು ಹಾಕಿದೆಯಾ ಅಂತ ನೋಡುವವರು ಯಾರು?

ದೀಪಾವಳಿ ಕಳೆದು ಊರೂರಲ್ಲಿ ಜಾತ್ರೆ ಶುರುವಾದರೆ ಸಾಕು, ಮಂಗಳೂರು, ಉಡುಪಿ ಕಡೆ ಒಂದು ಚರ್ಚೆ ಮತ್ತೆ ಏಳುತ್ತದೆ. ಜಾತ್ರೆ ಗದ್ದೆಯಲ್ಲಿ ತೊಟ್ಟಿಲು (ಜೈಂಟ್ ವೀಲ್), ದೋಣಿಯಂತೆ ತೂಗುವ ಕೊಲಂಬಸ್ಸು, ಮರಣ ಬಾವಿ ಎಲ್ಲ ಬೇಕಾ, ಬೇಡ್ವಾ? ಒಬ್ಬರು ಎಲ್ಲೋ ಮುರಿದು ಬಿದ್ದ ಜೋಕಾಲಿಯ ವಿಡಿಯೋ ತೋರಿಸಿ ಇದನ್ನೆಲ್ಲ ನಿಲ್ಲಿಸಿಬಿಡಿ ಅನ್ನುತ್ತಾರೆ. ಇನ್ನೊಬ್ಬರು "ನಾವು ಸಣ್ಣದಿರುವಾಗ ಎಷ್ಟು ಸಲ ಕೂತಿಲ್ಲ ಮಾರಾಯ್ರೆ, ಎಂತ ಆಯ್ತು?" ಅಂತ ಕೇಳುತ್ತಾರೆ. ಪರ್ಮಿಷನ್ ಕೊಟ್ಟವರು ಯಾರು, ಬಂದು ನೋಡಬೇಕಾದವರು ಯಾರು ಅನ್ನುವ ಪ್ರಶ್ನೆಗೆ ಮಾತ್ರ ಯಾರ ಹತ್ತಿರವೂ ಒಂದು ಸಾಲಿನ ಉತ್ತರ ಇಲ್ಲ. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳಿಕೊಂಡು ಬರುತ್ತೇನೆ.

ಮೊದಲು ಹೆಸರು. ಜೈಂಟ್ ವೀಲ್ ಅನ್ನುವುದು ಬೋರ್ಡಿನಲ್ಲಿ. ನಮ್ಮ ಕಡೆ ಜನರ ಬಾಯಲ್ಲಿ ಅದು ತೊಟ್ಟಿಲು, ಅದರಲ್ಲಿ ಕೂರುವ ಪೆಟ್ಟಿಗೆಯೂ ತೊಟ್ಟಿಲೇ. ಅಮೆರಿಕದ ಫೆರ್ರಿಸ್ ಎಂಬ ಎಂಜಿನಿಯರ್ 1893ರಲ್ಲಿ ಶಿಕಾಗೋದ ವಸ್ತುಪ್ರದರ್ಶನಕ್ಕೆ 264 ಅಡಿ ಎತ್ತರದ ಚಕ್ರ ಕಟ್ಟಿದ್ದರಿಂದ ಜಗತ್ತು ಅದನ್ನು ಅವನ ಹೆಸರಿನಲ್ಲಿ ಕರೆಯುತ್ತದೆ. ಆ ಚಕ್ರಕ್ಕೆ 36 ಡಬ್ಬಿ, ಒಂದೊಂದರಲ್ಲಿ 60 ಜನ. ಆದರೆ ಕೈಯಲ್ಲಿ ತಿರುಗಿಸುವ ಮರದ ಚಕ್ರ ಅದಕ್ಕಿಂತ ಎಷ್ಟೋ ಹಳೆಯದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1615ರಲ್ಲಿ ಇಸ್ತಾಂಬುಲ್‌ನ ಹಬ್ಬದಲ್ಲಿ ಅಂಥದ್ದೊಂದರಲ್ಲಿ ಕೂತು, ಮೇಲೆ ಕೆಳಗೆ ಹೋದ ಖುಷಿಯನ್ನು ಬರೆದಿಟ್ಟಿದ್ದಾನೆ. ಅದೇ ಮನುಷ್ಯ 1623ರಲ್ಲಿ ನಮ್ಮ ಕರಾವಳಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡವನು. ಇದನ್ನು ಓದಿದಾಗಿನಿಂದ ನನಗೆ ಅವನ ಮೇಲೆ ಒಂಥರಾ ಪ್ರೀತಿ.

ನಮ್ಮ ಹಿರಿಯರು ಹೇಳುವ ತೊಟ್ಟಿಲೂ ಮರದ್ದೇ. ನಾಲ್ಕೇ ನಾಲ್ಕು ಪೆಟ್ಟಿಗೆ, ಇಬ್ಬರು ಗಂಡಸರು ಕೈಯಲ್ಲಿ ತಿರುಗಿಸುವುದು. ಆಮೇಲೆ ಕಬ್ಬಿಣದ್ದು ಬಂತು. ಮೋಟಾರು ಇಲ್ಲದ ಕಡೆ ಹುಡುಗರು ಚಕ್ರದ ಕಂಬಿ ಹಿಡಿದು ಹತ್ತಿ, ತಮ್ಮ ಮೈಭಾರ ಹಾಕಿಯೇ ಅದನ್ನು ತಿರುಗಿಸುತ್ತಿದ್ದರು. ಆಮೇಲೆ ಡೀಸೆಲ್ ಎಂಜಿನ್ನು, ಜನರೇಟರು, ಬಣ್ಣದ ಲೈಟು. ಈ ಬದಲಾವಣೆಯಲ್ಲಿ ಚಕ್ರ ದೊಡ್ಡದಾಯಿತು, ವೇಗ ಜಾಸ್ತಿಯಾಯಿತು. ಅದನ್ನು ನಿಲ್ಲಿಸಿದ ನೆಲ ಮಾತ್ರ ಅದೇ ಗದ್ದೆ.

ಸರ್ಕಸ್ಸಿನದ್ದು ಬೇರೆ ಕತೆ. ಭಾರತದ ಸರ್ಕಸ್ಸಿಗೆ ತವರು ಅನ್ನಿಸಿಕೊಂಡ ತಲಶ್ಶೇರಿ ಮಂಗಳೂರಿಂದ ರೈಲಲ್ಲಿ ಮೂರು ಗಂಟೆಯೊಳಗಿನ ದಾರಿ. ಹಂಪನಕಟ್ಟೆ ಹತ್ತಿರದ ನೆಹರೂ ಮೈದಾನದಲ್ಲಿ ಡೇರೆ ಎದ್ದರೆ ಅದು ಇಡೀ ಊರಿಗೆ ಸುದ್ದಿ. ಆದರೆ 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಜಾಸ್ತಿ ಜನ ಸತ್ತರು. ಹೆಚ್ಚಿನವರು ಮಕ್ಕಳು. ನಮ್ಮ ಮನೆಯಲ್ಲಿ ಅಮ್ಮ ಡೇರೆ ಒಳಗೆ ಕಾಲಿಟ್ಟ ಕೂಡಲೇ ಹೊರಗೆ ಹೋಗುವ ದಾರಿ ಎಲ್ಲಿ ಅಂತ ನೋಡಿಟ್ಟುಕೊಳ್ಳುತ್ತಿದ್ದದ್ದು ಅದೇ ಕಾರಣಕ್ಕೆ. ಆಮೇಲೆ ಕಾಡುಪ್ರಾಣಿಗಳ ಆಟಕ್ಕೆ ತಡೆ ಬಂತು, 2011ರಲ್ಲಿ ಸುಪ್ರೀಂ ಕೋರ್ಟು ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಬಾರದು ಅಂದಿತು. ಸರ್ಕಸ್ಸು ಸಣ್ಣದಾಗುತ್ತಾ ಬಂತು. ತೊಟ್ಟಿಲು ಉಳಿಯಿತು.

ನನಗೆ ಚೆನ್ನಾಗಿ ಗೊತ್ತಿರುವುದು ತೊಂಬತ್ತರ ದಶಕ. ಆಗ ನಮಗೆ ಅಮ್ಯೂಸ್‌ಮೆಂಟ್ ಪಾರ್ಕು ಅಂದರೆ ಜಾತ್ರೆ ಗದ್ದೆಯೇ. ದಿಲ್ಲಿಯಲ್ಲಿ 1984ರಲ್ಲಿ ಅಪ್ಪು ಘರ್ ಆಗಿತ್ತು, ಮುಂಬೈಯಲ್ಲಿ 1989ರಲ್ಲಿ ಎಸ್ಸೆಲ್ ವರ್ಲ್ಡ್. ಮುಂಬೈಯಲ್ಲಿದ್ದ ಮಾವಂದಿರು ಊರಿಗೆ ಬಂದಾಗ ಅದರ ಕತೆ ಹೇಳುತ್ತಿದ್ದರು, ನಾವು ಬಾಯಿ ಬಿಟ್ಟು ಕೇಳುತ್ತಿದ್ದೆವು. ನಮ್ಮ ಪಾಲಿಗೆ ಇದ್ದದ್ದು ಕದ್ರಿ ಪಾರ್ಕಿನ ಪುಟಾಣಿ ರೈಲು, ಮತ್ತೆ ವರ್ಷಕ್ಕೊಮ್ಮೆ ಲಾರಿಯಲ್ಲಿ ಬರುವ ತೊಟ್ಟಿಲು.

ಕೊಯ್ಲು ಮುಗಿದ ಗದ್ದೆಗೆ ಲಾರಿ ಇಳಿಯುವುದನ್ನು ನೋಡಲಿಕ್ಕೇ ನಾವು ಶಾಲೆ ಬಿಟ್ಟ ಕೂಡಲೇ ಓಡುತ್ತಿದ್ದೆವು. ಮೊದಲ ದಿನ ಬರೀ ಕಬ್ಬಿಣದ ರಾಶಿ. ಎರಡನೇ ದಿನ ಕಂಬ ಎದ್ದಿರುತ್ತದೆ, ಅದರ ಬುಡಕ್ಕೆ ಹಲಗೆ, ಮರದ ದಿಮ್ಮಿ. ಮೂರನೇ ದಿನ ಪೂರ್ತಿ ಚಕ್ರ. ಜಾತ್ರೆಯ ರಾತ್ರಿ ಡೀಸೆಲ್ ಹೊಗೆ, ಚರುಮುರಿಯ ಈರುಳ್ಳಿ, ಸುಟ್ಟ ಜೋಳ ಎಲ್ಲ ಸೇರಿ ಒಂದು ವಾಸನೆ ಬರುತ್ತದಲ್ಲ, ಅದು ಬೇರೆ ಎಲ್ಲೂ ಸಿಗುವುದಿಲ್ಲ. ತೊಟ್ಟಿಲು ತುದಿಗೆ ಹೋಗಿ ಒಂದು ಗಳಿಗೆ ನಿಂತಾಗ ಕಾಣುತ್ತಿದ್ದದ್ದನ್ನು ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲೆ: ಕೆಳಗೆ ತೆಂಗಿನ ತಲೆಗಳು, ದೀಪ ಹಾಕಿದ ತೇರು, ಆಚೆ ಬಯಲಾಟದ ರಂಗಸ್ಥಳದ ಬೆಳಕು, ಅದರಾಚೆ ಕಪ್ಪಗೆ ಸಮುದ್ರ. ಅಷ್ಟು ಎತ್ತರದಿಂದ ಊರನ್ನು ನೋಡಲು ನಮಗೆ ಬೇರೆ ದಾರಿಯೇ ಇರಲಿಲ್ಲ.

ಮರಣ ಬಾವಿಯಂತೂ ಕಿವಿಗೆ ಹೊಡೆಯುವ ಆಟ. ಹಲಗೆ ಜೋಡಿಸಿ ಮಾಡಿದ ಬಾವಿ, ಅದರ ಗೋಡೆಯ ಮೇಲೆ ಸೈಲೆನ್ಸರ್ ತೆಗೆದ ಬೈಕು. ಬೈಕು ಸುತ್ತು ಬರುವಾಗ ನಾವು ನಿಂತ ಅಟ್ಟಣಿಗೆ ಪೂರ್ತಿ ನಡುಗುತ್ತಿತ್ತು. ಜನ ಹತ್ತು ರೂಪಾಯಿ ನೋಟು ಹಿಡಿದು ಬಾವಿಯೊಳಗೆ ಬಗ್ಗುತ್ತಿದ್ದರು, ಸವಾರ ಹ್ಯಾಂಡಲ್ ಬಿಟ್ಟು ಅದನ್ನು ಕಿತ್ತುಕೊಂಡು ಹೋಗುತ್ತಿದ್ದ. ಬಗ್ಗಿದವರಲ್ಲಿ ನಮ್ಮ ವಯಸ್ಸಿನ ಮಕ್ಕಳೂ ಇರುತ್ತಿದ್ದರು. ತಡೆಗೆ ಇದ್ದದ್ದು ಸೊಂಟದೆತ್ತರದ ಒಂದು ಕಂಬಿ.

ನನಗೆ ಒಂಬತ್ತು ವರ್ಷ ಇದ್ದಾಗ ದೊಡ್ಡಮ್ಮನ ಮಗಳು ಅಕ್ಕನ ಜೊತೆ ತೊಟ್ಟಿಲಲ್ಲಿ ಕೂತೆ. ಅವಳಿಗೆ ಹದಿನಾಲ್ಕು. ಕೂತವರ ಮುಂದೆ ಒಂದು ಕಬ್ಬಿಣದ ಸರಳು ಬರುತ್ತದೆ. ಒಂದು ತುದಿಗೆ ತಿರುಗಣಿ, ಇನ್ನೊಂದು ತುದಿಯಲ್ಲಿ ತೂತು. ಆ ತೂತಿಗೆ ಪಿನ್ನು ಹಾಕಬೇಕು. ನಮ್ಮ ತೊಟ್ಟಿಲಿಗೆ ಪಿನ್ನು ಇರಲಿಲ್ಲ. ಅದರ ಬದಲು ದೋಣಿಯವರು ಬಳಸುವಂಥ ನೀಲಿ ನೈಲಾನ್ ಹಗ್ಗ ಕಟ್ಟಿದ್ದರು. ಅಕ್ಕ ಕೇಳಿದ್ದಕ್ಕೆ ತೊಟ್ಟಿಲು ನೋಡಿಕೊಳ್ಳುವ ಹುಡುಗ "ಎಂತ ಆಗುದಿಲ್ಲ" ಅಂದ. ಅವನಿಗೂ ಹದಿನಾರು ದಾಟಿರಲಿಕ್ಕಿಲ್ಲ. ಮೂರನೇ ಸುತ್ತಿಗೆ ಗಂಟು ಸಡಿಲವಾಯಿತು. ನಾವು ಮೇಲೆ ಹೋಗಿ ಇಳಿಯಲು ಶುರುಮಾಡುವಾಗ ಸರಳು ತೆರೆದುಕೊಂಡಿತು, ತೊಟ್ಟಿಲು ಮುಂದಕ್ಕೆ ಬಾಗಿತು. ಅಕ್ಕ ಒಂದು ಕಾಲನ್ನು ಎದುರಿನ ಕಂಬಿಗೆ ಒತ್ತಿ ಹಿಡಿದು, ಒಂದು ಕೈಯಲ್ಲಿ ನನ್ನ ಅಂಗಿಯ ಬೆನ್ನು ಹಿಡಿದಳು. ವಾಪಸ್ ಬಂದ ಸರಳು ನನ್ನ ಗದ್ದಕ್ಕೆ ಬಡಿಯಿತು. ಮೂರು ಹೊಲಿಗೆ. ಆ ಗುರುತು ಈಗಲೂ ಇದೆ.

ಮನೆಯಲ್ಲಿ ಈ ಕತೆಯನ್ನು ನಾನು ಎಷ್ಟೋ ಸಲ ನಗುತ್ತಾ ಹೇಳಿದ್ದೇನೆ. ಅಕ್ಕ ಒಮ್ಮೆಯೂ ನಗಲಿಲ್ಲ.

ಅಪಾಯವನ್ನೂ ನಗೆಯ ಕತೆ ಮಾಡಿಬಿಡುವ ನೆನಪಿನ ಈ ಗುಣ ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ ವರ್ನನ್ ಎಂಬ ಊರಿದೆ. ಅಲ್ಲಿ 1978ರಿಂದ 1996ರವರೆಗೆ ಆ್ಯಕ್ಷನ್ ಪಾರ್ಕ್ ಅಂತ ಒಂದು ಪಾರ್ಕು ನಡೆಯಿತು. ಕಾಂಕ್ರೀಟು, ಫೈಬರ್‌ಗ್ಲಾಸ್ ಜಾರುಬಂಡೆಯಲ್ಲಿ ಸಣ್ಣ ಗಾಡಿ ಮೇಲೆ ಕೂತು ಗುಡ್ಡದಿಂದ ಇಳಿಯುವುದು, ತಲೆಕೆಳಗಾಗಿ ಒಂದು ಸುತ್ತು ಹೊಡೆಸುವ ನೀರಿನ ಕೊಳವೆ, ದೊಡ್ಡ ಅಲೆ ಎಬ್ಬಿಸುವ ಕೊಳ. ಕನಿಷ್ಠ ಆರು ಜನ ಅಲ್ಲಿ ಜೀವ ಕಳೆದುಕೊಂಡರು. ಆ ಕೊಳವೆಯನ್ನು ತೆರೆದ ಸ್ವಲ್ಪ ಸಮಯದಲ್ಲೇ ಮುಚ್ಚಬೇಕಾಯಿತು. ಹಾಗಿದ್ದೂ ಅಲ್ಲಿ ಬೆಳೆದವರು ಇವತ್ತಿಗೂ ಮೊಣಕೈಯ ಕಲೆ ತೋರಿಸಿ ಹೆಮ್ಮೆಯಿಂದ ಮಾತಾಡುತ್ತಾರೆ. ನನಗೆ ಅವರ ಖುಷಿ ಸುಳ್ಳು ಅನ್ನಿಸುವುದಿಲ್ಲ. ನನ್ನದೂ ಸುಳ್ಳಲ್ಲ. ಆದರೆ ಕತೆ ಹೇಳಲು ಉಳಿದವರು ನಾವು, ಅಲ್ವಾ?

2000ದ ನಂತರ ದೊಡ್ಡ ಪಾರ್ಕುಗಳು ಹತ್ತಿರ ಬಂದವು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್, 2005ರಲ್ಲಿ ಬೆಂಗಳೂರಿನಲ್ಲಿ ವಂಡರ್‌ಲಾ. ನಮ್ಮಲ್ಲೂ ಪಿಲಿಕುಳದ ಮಾನಸ ವಾಟರ್ ಪಾರ್ಕ್ ಆಯಿತು. ಶಾಲೆಯ ಟೂರುಗಳು ಅತ್ತ ತಿರುಗಿದವು. ಆದರೆ ಕದ್ರಿ ಜಾತ್ರೆ, ಉಡುಪಿ ಪರ್ಯಾಯ, ಕುದ್ರೋಳಿ ದಸರಾ, ಲಾಲ್‌ಬಾಗಿನ ಕರಾವಳಿ ಉತ್ಸವ ಮೈದಾನ, ಇಂಥ ಕಡೆ ಸೇರುವ ಜನಕ್ಕೆ ಪಾರ್ಕಿನ ಟಿಕೆಟು ಬದಲಿ ಅಲ್ಲ. ಕೂಲಿ ಮಾಡುವ ಮನೆಯವರು ನಾಲ್ಕು ಜನ ಪಾರ್ಕಿಗೆ ಹೋಗಿ ಬರುವ ದುಡ್ಡಿನಲ್ಲಿ ಜಾತ್ರೆಯ ನಾಲ್ಕು ರಾತ್ರಿ ಕಳೆಯಬಹುದು.

ಪಾರ್ಕಿಗೂ ಜಾತ್ರೆಗೂ ಇರುವ ಮುಖ್ಯ ವ್ಯತ್ಯಾಸ ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ಪಾರ್ಕಿನ ಚಕ್ರಕ್ಕೆ ಕಾಂಕ್ರೀಟಿನ ಅಡಿಪಾಯ ಇದೆ, ಅದು ಅಲ್ಲೇ ಇರುತ್ತದೆ. ಜಾತ್ರೆಯ ಚಕ್ರ ಒಂದು ಸೀಸನ್‌ನಲ್ಲಿ ಹಲವು ಸಲ ಬಿಚ್ಚಿ, ಲಾರಿಗೆ ತುಂಬಿ, ಇನ್ನೊಂದು ಗದ್ದೆಯಲ್ಲಿ ಜೋಡಿಸಬೇಕು. ತುಳುವರ ಬೇಷ ತಿಂಗಳ ಹತ್ತಕ್ಕೆ, ಅಂದರೆ ಮೇ ಕೊನೆಗೆ, ಪತ್ತನಾಜೆ ಬರುತ್ತದೆ. ಅಲ್ಲಿಗೆ ಜಾತ್ರೆ, ಕೋಲ, ಬಯಲಾಟ ಎಲ್ಲ ನಿಲ್ಲಬೇಕು. ಅಷ್ಟರೊಳಗೆ ಆದಷ್ಟು ಊರು ಮುಗಿಸುವ ಅವಸರ. ಪ್ರತಿ ಸಲ ಬಿಚ್ಚುವಾಗ ಒಂದು ಪಿನ್ನು ಹುಲ್ಲಲ್ಲಿ ಬೀಳಬಹುದು, ಒಂದು ಬೋಲ್ಟಿನ ತಿರುಪು ಸವೆಯಬಹುದು. ಸಾಲದ್ದಕ್ಕೆ ನಮ್ಮ ಕಡಲ ಗಾಳಿಯಲ್ಲಿ ಉಪ್ಪಿದೆ. ಮನೆಯ ಕಿಟಕಿ ಸರಳೇ ನಾಲ್ಕು ವರ್ಷದಲ್ಲಿ ತುಕ್ಕು ಹಿಡಿಯುವಾಗ ಬೆಸುಗೆ ಹಾಕಿದ ಜಾಗದೊಳಗಿನ ಬಿರುಕು ಬಣ್ಣದ ಕೆಳಗೆ ಹೇಗೆ ಕಾಣಬೇಕು? ಗದ್ದೆಯ ಮಣ್ಣು ಮೇಲೆ ಗಟ್ಟಿ, ಕೆಳಗೆ ಮೆತ್ತಗೆ. ಏಪ್ರಿಲ್‌, ಮೇಯಲ್ಲಿ ಸಂಜೆ ಒಂದು ಗುಡುಗು ಮಳೆ ಸುರಿದು ಕಂಬದ ಒಂದು ಕಾಲು ಬೆರಳಷ್ಟು ಕೂತರೂ ಇಡೀ ಚಕ್ರದ ಭಾರ ಒಂದೇ ಕಡೆ ವಾಲುತ್ತದೆ.

ದೇಶದಲ್ಲಿ ಈ ವಿಷಯ ಜೋರಾಗಿ ಚರ್ಚೆಗೆ ಬಂದದ್ದು ಸರಣಿ ಅವಘಡಗಳ ನಂತರ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ರೈಡೊಂದು ಮುರಿದು ಇಬ್ಬರು ಸತ್ತರು, ಇಪ್ಪತ್ತಕ್ಕೂ ಜಾಸ್ತಿ ಜನರಿಗೆ ಗಾಯ. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಎತ್ತರದ ರೈಡು ಜನರ ಸಮೇತ ಕೆಳಗೆ ಬಿತ್ತು. 2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ ಬೆಂಕಿ ಬಿದ್ದು 27 ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ನಮ್ಮ ಮಲ್ಪೆಯಲ್ಲಿ 2022ರ ಮೇಯಲ್ಲಿ ತೆರೆದ ತೇಲುವ ಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಕಳಚಿಹೋದಾಗ, ಮೋಜಿನ ಜಾಗದ ಲೆಕ್ಕಾಚಾರ ಎಷ್ಟು ಗಟ್ಟಿಯಾಗಿರಬೇಕು ಅನ್ನುವುದು ಇಲ್ಲೂ ಮಾತಿಗೆ ಬಂತು.

ನಿಯಮ ಇಲ್ಲ ಅಂತಲ್ಲ. ಭಾರತೀಯ ಮಾನಕ ಬ್ಯೂರೋ ಮೋಜಿನ ರೈಡುಗಳ ಸುರಕ್ಷತೆಗೆ ಐಎಸ್ 15475 ಎಂಬ ಮಾನದಂಡ ಮಾಡಿದೆ. ಆದರೆ ಸರ್ಕಾರ ಬೇರೆಯಾಗಿ ಕಡ್ಡಾಯ ಮಾಡದಿದ್ದರೆ ಇಂಥ ಮಾನದಂಡ ಪಾಲಿಸುವುದು ಅವರವರ ಇಚ್ಛೆ. ರಾಜ್‌ಕೋಟ್ ದುರಂತದ ಮೇಲೆ ಗುಜರಾತ್ ರೈಡುಗಳಿಗೇ ಅಂತ ಬಿಗಿ ನಿಯಮ ತಂದಿತು. ಆಗ ಅಡಿಪಾಯಕ್ಕೆ ಕಾಂಕ್ರೀಟ್ ಹಾಕಬೇಕು ಎಂಬ ಷರತ್ತಿನ ಬಗ್ಗೆ ಮೇಳದ ರೈಡಿನವರಿಗೂ ಆಡಳಿತಕ್ಕೂ ದೊಡ್ಡ ಜಟಾಪಟಿಯೇ ಆಯಿತು. ನಾಲ್ಕು ದಿನದ ಮೇಳಕ್ಕೆ ಕಾಂಕ್ರೀಟ್ ಹಾಕುವುದು ಹೇಗೆ? ಜೂನಿನಲ್ಲಿ ಮತ್ತೆ ನೇಜಿ ನೆಡುವ ಗದ್ದೆಗಂತೂ ಅದು ಆಗದ ಮಾತು. ಅಗಲದ ಉಕ್ಕಿನ ತಟ್ಟೆ, ಗಟ್ಟಿ ದಿಮ್ಮಿ ಕೊಟ್ಟು ಭಾರವನ್ನು ಹರಡುವುದು, ದಿನಾ ಸಂಜೆ ಮಟ್ಟ ಹಿಡಿದು ನೋಡುವುದು, ಇದು ಇಲ್ಲಿಗೆ ಹೊಂದುವ ದಾರಿ ಅಂತ ನನಗನ್ನಿಸುತ್ತದೆ.

ನಮ್ಮಲ್ಲಿ ಪರ್ಮಿಷನ್ ಹಲವು ಮೇಜುಗಳಲ್ಲಿ ಸುತ್ತುತ್ತದೆ. ಪೊಲೀಸರು ಜನಸಂದಣಿ, ಪಾರ್ಕಿಂಗು ನೋಡುತ್ತಾರೆ. ಪಂಚಾಯತಿಗೋ ಪಾಲಿಕೆಗೋ ಜಾಗ, ಶುಲ್ಕ. ಅಗ್ನಿಶಾಮಕದವರಿಗೆ ಬೆಂಕಿಯ ಚಿಂತೆ. ಮೆಸ್ಕಾಂನವರಿಗೆ ವಯರು, ತಾತ್ಕಾಲಿಕ ಮೀಟರು. ಎಂಜಿನಿಯರ ಸರ್ಟಿಫಿಕೇಟು ಫೈಲಿನಲ್ಲಿರುತ್ತದೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಿದ್ದರೂ, ಜೋಡಿಸಿ ಮುಗಿದ ಮೇಲೆ ಆ ಗದ್ದೆಯಲ್ಲಿ ನಿಂತು ಒಂದೊಂದು ತೊಟ್ಟಿಲಿನ ಪಿನ್ನು ಮುಟ್ಟಿ ನೋಡುವ ಕೆಲಸ ಯಾವ ಮೇಜಿಗೂ ಸ್ಪಷ್ಟವಾಗಿ ಸೇರಿಲ್ಲ. ಅದು ಕೊನೆಗೆ ಉಳಿಯುವುದು ದೂರದ ಊರಿಂದ ಬಂದು, ರಾತ್ರಿ ಎರಡರವರೆಗೆ ನಿದ್ದೆಗೆಟ್ಟು ನಿಂತ ಹುಡುಗನಿಗೆ. ಖಾಲಿ ಚಕ್ರವನ್ನು ಮೊದಲು ಮರಳಿನ ಚೀಲ ಇಟ್ಟು ತಿರುಗಿಸಿ, ಇಂಥವರು ನೋಡಿದ್ದಾರೆ ಅಂತ ತಾರೀಕು ಹಾಕಿದ ಒಂದು ಹಾಳೆಯನ್ನು ಟಿಕೆಟ್ ಕೌಂಟರಿಗೆ ಅಂಟಿಸಲು ಏನು ಖರ್ಚು? ತೊಟ್ಟಿಲು ನಿಲ್ಲಿಸಿ ಅನ್ನುವವರ ಜೊತೆ ನಾನಿಲ್ಲ. ನೀಲಿ ಹಗ್ಗದ ಜೊತೆಗೂ ಇಲ್ಲ.

ಹೋದ ಸೀಸನ್‌ನಲ್ಲಿ ಅಕ್ಕ ಮೊಮ್ಮಗಳನ್ನು ಕರೆದುಕೊಂಡು ಜಾತ್ರೆಗೆ ಬಂದಿದ್ದಳು. ಮಗು ತೊಟ್ಟಿಲು ಬೇಕು ಅಂತ ಹಠ ಹಿಡಿಯಿತು. ಅಕ್ಕ ಬೇಡ ಅನ್ನಲಿಲ್ಲ. ಮಗುವನ್ನು ತನ್ನ ಮಗಳ ಪಕ್ಕ ಕೂರಿಸಿ, ಸರಳು ಎಳೆದು, ತೂತಿನ ಹತ್ತಿರ ಬೆರಳು ಹಾಕಿ ನೋಡಿದಳು. ಪಿನ್ನು ಇತ್ತು, ಅದಕ್ಕೊಂದು ಸಣ್ಣ ಸರಪಳಿಯೂ ಇತ್ತು. "ಆಯ್ತು ಮಗ, ಬಿಡು" ಅಂತ ಹುಡುಗನಿಗೆ ಹೇಳಿ ಹಿಂದೆ ಸರಿದಳು. ಚಕ್ರ ನಿಲ್ಲುವವರೆಗೂ ಅವಳ ಕೈ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡೇ ಇತ್ತು.