ಡೋಪಮಿನ್ ಕಥೆಯಲ್ಲಿ ಬಿಟ್ಟುಹೋದ ಕೋಶಗಳು

ಮಂಗಳವಾರ ಚಳ್ಳಕೆರೆಯಲ್ಲೋ ಹಿರಿಯೂರಿನಲ್ಲೋ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವ ಮಗನನ್ನು ಕರೆತಂದ ತಾಯಿಗೆ ಸಾಮಾನ್ಯವಾಗಿ ಸಿಗುವ ವಿವರಣೆ ಇಷ್ಟು: ಮೆದುಳಿನಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕ ಹೆಚ್ಚಾಗಿದೆ, ಮಾತ್ರೆ ಅದನ್ನು ಹತೋಟಿಗೆ ತರುತ್ತದೆ. ಸುಳ್ಳಲ್ಲ, ಆದರೆ ಹಳತು.

1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಮನೋರೋಗಿಗಳಿಗೆ ಕ್ಲೋರ್‌ಪ್ರೊಮಜಿನ್ ಎಂಬ ಮದ್ದು ಕೊಟ್ಟು ನೋಡಿದರು, 1958ರಲ್ಲಿ ಹ್ಯಾಲೊಪೆರಿಡಾಲ್ ಎಂಬ ಇನ್ನೊಂದು ಮದ್ದು ಬಂತು, 1963ರಲ್ಲಿ ಸ್ವೀಡನ್ನಿನ ಔಷಧ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ಡೋಪಮಿನ್‌ನತ್ತ ಬೆರಳು ತೋರಿದರು, ಮುಂದೆ ಅದೇ ಪಠ್ಯವಾಯಿತು. ಈ ಲೆಕ್ಕಕ್ಕೆ ಒಗ್ಗದೆ ಉಳಿದದ್ದು ಕ್ಲೋಜಪಿನ್ ಎಂಬ ಮದ್ದು. ಡೋಪಮಿನ್ ಗ್ರಾಹಕಗಳನ್ನು, ಎಂದರೆ ಅದರ ಸಂದೇಶ ಪಡೆಯುವ ಕೋಶದ ಪ್ರೋಟೀನುಗಳನ್ನು, ಅದು ಹ್ಯಾಲೊಪೆರಿಡಾಲ್‌ನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಆದರೂ 1988ರ ಅಮೆರಿಕದ ಪ್ರಯೋಗದಲ್ಲಿ, ಬೇರೆ ಮದ್ದಿಗೆ ಬಗ್ಗದವರ ಪೈಕಿ ಶೇ 30ರಷ್ಟು ಮಂದಿ ಅದರಿಂದ ಚೇತರಿಕೆ ಕಂಡರು. ಕ್ಲೋರ್‌ಪ್ರೊಮಜಿನ್ ಪಡೆದವರಲ್ಲಿ ಕೇವಲ ಶೇ 4.

ಇತ್ತ ಅರಿವಳಿಕೆಗೆಂದು ಬಂದ ಪಿಸಿಪಿ, ಕೆಟಮಿನ್ ಸೇವಿಸಿದವರಲ್ಲಿ ಸ್ಕಿಜೋಫ್ರೇನಿಯಾವನ್ನೇ ಹೋಲುವ ಲಕ್ಷಣಗಳು ಕಂಡಿದ್ದವು. ಈ ಎರಡು ಮದ್ದುಗಳು ತಡೆಯುವುದು ಗ್ಲುಟಮೇಟ್ ಎಂಬ ಇನ್ನೊಂದು ಸಂದೇಶವಾಹಕದ ಎನ್‌ಎಂಡಿಎ ಎಂಬ ಗ್ರಾಹಕವನ್ನು. ಹಾಗಾಗಿ ಗಮನ ಗ್ಲುಟಮೇಟ್‌ನತ್ತ ಹೊರಳಿತು. ಅದನ್ನು ನಿಭಾಯಿಸುವ ಆಸ್ಟ್ರೋಸೈಟ್ ಎಂಬ ಆಸರೆ ಕೋಶಗಳತ್ತ ಹೊರಳಲು ಇನ್ನಷ್ಟು ಕಾಲ ಹಿಡಿಯಿತು. ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದರವನ್ನು ಎಲ್ಲರೂ ಕೇಳುತ್ತಾರೆ, ಚೀಲ ಹೊರುವ ಹಮಾಲರನ್ನು ಯಾರೂ ಕೇಳುವುದಿಲ್ಲ. ಇಲ್ಲಿಯೂ ಅದೇ ಆಯಿತು.

ನರಕೋಶಗಳು ಸಂದೇಶಕ್ಕಾಗಿ ಸುರಿದ ಗ್ಲುಟಮೇಟ್ ಹೊರಗೇ ನಿಂತರೆ ಅವಕ್ಕೇ ವಿಷ. ಆಸ್ಟ್ರೋಸೈಟ್‌ನ ಪೊರೆಯಲ್ಲಿರುವ ಜಿಎಲ್‌ಟಿ-1 ಎಂಬ ಪ್ರೋಟೀನು ಒಂದೊಂದು ಗ್ಲುಟಮೇಟ್ ಅಣುವನ್ನೂ ಮೂರು ಸೋಡಿಯಂ ಅಯಾನುಗಳ ಜೊತೆ ಒಳಗೆಳೆದುಕೊಳ್ಳುತ್ತದೆ. ಒಳಗೆ ಅದು ಗ್ಲುಟಮೈನ್ ಆಗಿ, ನರಕೋಶಕ್ಕೆ ಮರಳಿ, ಮತ್ತೆ ಗ್ಲುಟಮೇಟ್ ಆಗುತ್ತದೆ.

2001ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದು, ಕ್ಲೋಜಪಿನ್ ಕೊಟ್ಟಾಗ ಮೆದುಳಿನ ಹೊರಪದರದಲ್ಲಿ ಈ ಜಿಎಲ್‌ಟಿ-1 ಕಡಿಮೆಯಾಗುತ್ತದೆ ಎಂದು ತೋರಿಸಿತು. ಎಂದರೆ ಹೀರುವಿಕೆ ತಗ್ಗಿ, ಹೊರಗೆ ಗ್ಲುಟಮೇಟ್ ಹೆಚ್ಚು ಹೊತ್ತು ಉಳಿಯಬಲ್ಲದು. ಈ ರೋಗದಲ್ಲಿ ಸೊರಗಿದೆ ಎಂದು ಶಂಕಿಸಲಾದ ಎನ್‌ಎಂಡಿಎ ಗ್ರಾಹಕಕ್ಕೆ ಅದೇ ಚೇತನವಾದೀತು. ಮುಂದೆ 2012ರಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ, ಕ್ಲೋಜಪಿನ್ ತಗುಲಿದ ಆಸ್ಟ್ರೋಸೈಟ್‌ಗಳು ಗ್ಲುಟಮೇಟ್ ಜೊತೆಗೆ ಅದೇ ಗ್ರಾಹಕವನ್ನು ಎಚ್ಚರಿಸುವ ಡಿ-ಸೆರಿನ್ ಅನ್ನೂ ಹೊರಬಿಡುವುದು ಕಂಡಿತು. ಹ್ಯಾಲೊಪೆರಿಡಾಲ್‌ನಿಂದ ಹಾಗಾಗಲಿಲ್ಲ. ನನ್ನ ಕಣ್ಣಿಗೆ ಇಡೀ ಕಥೆಯಲ್ಲಿ ತೂಕವಿರುವ ವ್ಯತ್ಯಾಸ ಇದೇ.

ಇಲಿ ಮನುಷ್ಯನಲ್ಲ, ಗಾಜಿನ ತಟ್ಟೆ ಮೆದುಳಲ್ಲ ಎಂಬುದೂ ನಿಜ. ಗ್ಲುಟಮೇಟ್ ನಂಬಿ ರೂಪಿಸಿದ ಎರಡು ಔಷಧಗಳು 2012 ಮತ್ತು 2014ರ ಹೊತ್ತಿಗೆ ರೋಗಿಗಳ ಮೇಲಿನ ಪ್ರಯೋಗದಲ್ಲೇ ಮುಗ್ಗರಿಸಿದವು. ಇದನ್ನೆಲ್ಲ ಓದಿ ಮಾತ್ರೆ ನಿಲ್ಲಿಸಲು ಯಾರಿಗೂ ಕಾರಣ ಸಿಗುವುದಿಲ್ಲ. ಕ್ಲೋಜಪಿನ್ ಶುರುಮಾಡಿದವರು ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಕೊಡಬೇಕೆಂಬುದು ರೂಢಿ. ಅದು ಬಿಳಿ ರಕ್ತಕಣ ಕುಸಿದಿದೆಯೇ ಎಂದು ನೋಡಲು. ಆಸ್ಟ್ರೋಸೈಟ್‌ಗಳ ಪಾಡು ಆ ಚೀಟಿಯಲ್ಲಿ ಬರುವುದಿಲ್ಲ.